ಮಗಳಿಗೆ ಲೂಥರನ್ ಯುನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ಕಳಿಸಬಹುದಾ? (ಹವಾಮಾನ ವಿಜ್ಞಾನ, ಇಂಡಿಯಾನಾ)

ತೀರ್ಥಹಳ್ಳಿ ಅಮ್ಮ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಇಂಜಿನಿಯರಿಂಗ್ ಬೇಡ, ಮಳೆ-ಮೋಡವನ್ನೇ ಓದುತ್ತೇನೆ ಅಂತ ಹಟ. ಆರನೇ ಕ್ಲಾಸಿನಿಂದ ಅಂಗಳದಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ನೋಟ್‌ಬುಕ್ಕಲ್ಲಿ ಬರೆಯುತ್ತಾಳೆ. ಈಗ ಏಳು ನೋಟ್‌ಬುಕ್ ಆಗಿವೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಯಾವತ್ತು ಹೊಡೆಯೋಣ ಅಂತ ಅಕ್ಕಪಕ್ಕದ ತೋಟದವರೂ ಇವಳನ್ನೇ ಕೇಳುತ್ತಾರೆ.

ಅಮೆರಿಕದ ಇಂಡಿಯಾನಾದಲ್ಲಿರುವ ವಾಲ್ಪರೈಸೊ ಯುನಿವರ್ಸಿಟಿಯಲ್ಲಿ ಮೀಟಿಯರಾಲಜಿ ಬಿಎಸ್‌ಗೆ ಸೀಟು ಸಿಕ್ಕಿದೆ. ಸ್ವಲ್ಪ ಸ್ಕಾಲರ್‌ಶಿಪ್ಪೂ ಇದೆ. ನನ್ನ ತಮ್ಮ ಷಿಕಾಗೋ ಕಡೆ ಇದ್ದಾನೆ, ಖರ್ಚಿಗೆ ಅವನೂ ಕೈಜೋಡಿಸುತ್ತೇನೆ ಅಂದಿದ್ದಾನೆ. ಆದರೆ ಅದು ಲೂಥರನ್ ಯುನಿವರ್ಸಿಟಿಯಂತೆ, ಕ್ರೈಸ್ತರಲ್ಲಿ ಮಾರ್ಟಿನ್ ಲೂಥರ್ ಪಂಥದವರದು. ಕ್ಯಾಂಪಸ್ ಮಧ್ಯದಲ್ಲಿ ದೊಡ್ಡ ಚರ್ಚ್ ಇರುವ ಫೋಟೊ ನೋಡಿ ನಮ್ಮ ಅತ್ತೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇನ್ನೊಂದು ವಿಷಯ: ಅಲ್ಲಿ ಮಕ್ಕಳನ್ನು ವ್ಯಾನಲ್ಲಿ ಕೂರಿಸಿಕೊಂಡು ಸುಂಟರಗಾಳಿ ಹುಡುಕಿಕೊಂಡು ಹೋಗುತ್ತಾರಂತೆ. ಹೌದಾ? ಇದು ನನ್ನ ಚಿಂತೆ.

ಅಲ್ಲಿ ಓದಿದವರು, ಗೊತ್ತಿರುವವರು ದಯವಿಟ್ಟು ಹೇಳಿ. ಡೆಪಾಸಿಟ್ ಕಟ್ಟಲು ಇನ್ನು ಹತ್ತು ದಿನ ಇದೆ.

ಬಸವನಗುಡಿ ಬಾಬು
ಏಳು ನೋಟ್‌ಬುಕ್! ಅಕ್ಕ, ಕಣ್ಣು ಮುಚ್ಚಿ ಕಳಿಸಿ.

ಸತ್ಯವಾದಿ77
ಕಣ್ಣು ಮುಚ್ಚಿ ಕಳಿಸಿದರೆ ಕಣ್ಣು ಬಿಡುವಷ್ಟರಲ್ಲಿ ಕುತ್ತಿಗೆಯಲ್ಲಿ ಶಿಲುಬೆ ಇರುತ್ತದೆ. ಚರ್ಚ್ ದುಡ್ಡಲ್ಲಿ ನಡೆಯುವ ಕಾಲೇಜು ಸುಮ್ನೆ ಸ್ಕಾಲರ್‌ಶಿಪ್ ಕೊಡುತ್ತದಾ? ಯೋಚನೆ ಮಾಡಿ.

ಹಿಮದಲ್ಲಿ ಹಾಸನ
ನಾನು ಅಲ್ಲೇ ಐಟಿಯಲ್ಲಿ ಮಾಸ್ಟರ್ಸ್ ಮಾಡಿದವನು. ಮೊದಲು ಹೆಸರು ಸರಿ ಮಾಡೋಣ. ಅಲ್ಲಿಯವರು ವಾಲ್ಪರೈಸೊ ಅನ್ನುವುದಿಲ್ಲ, ವಾಲ್ಪರೇಜೊ ಅನ್ನುತ್ತಾರೆ. ಇನ್ನೂ ಸುಲಭಕ್ಕೆ ವಾಲ್ಪೊ. ವೀಸಾ ಇಂಟರ್‌ವ್ಯೂನಲ್ಲಿ ಮಗಳು ಸರಿಯಾಗಿ ಹೇಳಲಿ.

ಸತ್ಯವಾದಿಗಳೇ, ನಾನು ಅಲ್ಲಿದ್ದಷ್ಟು ದಿನ ಒಬ್ಬರೂ ನನ್ನ ಧರ್ಮ ಬದಲಿಸಲು ಬರಲಿಲ್ಲ. ಚಾಪೆಲ್ ನಿಜವಾಗಿಯೂ ದೊಡ್ಡದು. 1959ರಲ್ಲಿ ಶುರುವಾಗಿದ್ದು, ಅಮೆರಿಕದ ಕಾಲೇಜು ಚಾಪೆಲ್‌ಗಳಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಬೆಳಿಗ್ಗೆ ಪ್ರಾರ್ಥನೆಯ ಸಮಯ ಅಂತ ಒಂದು ಬಿಡುವು ಇರುತ್ತಿತ್ತು. ಆ ಹೊತ್ತಿಗೆ ಕ್ಲಾಸ್ ಇಡುತ್ತಿರಲಿಲ್ಲ. ಹೋಗುವವರು ಹೋಗುತ್ತಿದ್ದರು, ಕಡ್ಡಾಯ ಇರಲಿಲ್ಲ. ನಮ್ಮ ಹುಡುಗರು ಆ ಬಿಡುವಲ್ಲಿ ಕಾಫಿ ಕುಡಿದು ಹಿಂದಿನ ರಾತ್ರಿಯ ಅಸೈನ್‌ಮೆಂಟ್ ಮುಗಿಸುತ್ತಿದ್ದರು. ನಾನು ಎರಡು ಸಲ ಒಳಗೆ ಹೋಗಿದ್ದೆ. ಒಂದು ಸಲ ಬಣ್ಣದ ಗಾಜು ನೋಡೋಕೆ, ಇನ್ನೊಂದು ಸಲ ಹೊರಗೆ ಮೈನಸ್ ಇಪ್ಪತ್ತು ಇತ್ತು, ಅದಕ್ಕೆ.

ಕುಡ್ಲದ ಪಿಂಟೊ
ಸತ್ಯವಾದಿಗಳೇ, ಮಂಗಳೂರಲ್ಲಿ ಅರ್ಧ ಊರು ಅಲೋಶಿಯಸ್ ಕಾಲೇಜಲ್ಲಿ ಓದಿದೆ ಮಾರಾಯ್ರೆ. 1880ರಿಂದ ಜೆಸ್ವಿಟ್ ಪಾದ್ರಿಗಳು ನಡೆಸುತ್ತಿದ್ದಾರೆ. ಅಲ್ಲಿ ಕಲಿತ ಭಟ್ಟರೆಲ್ಲ ಇನ್ನೂ ಭಟ್ಟರೇ.

ಅಮ್ಮ, ನಿಮ್ಮ ಅತ್ತೆಗೆ ಲೂಥರನ್ ಅಂದರೆ ಬಾಸೆಲ್ ಮಿಶನ್ ಥರ ಅಂತ ಹೇಳಿ. ಮಂಗಳೂರು ಹೆಂಚು, ಕಿಟೆಲ್ ನಿಘಂಟು ಕೊಟ್ಟವರು ಅಂದರೆ ಒಪ್ಪುತ್ತಾರೆ.

ಟೂಬಿಂಗೆನ್ ಟೀ
ಪಿಂಟೊ, ಅರ್ಧ ಸರಿ. ಬಾಸೆಲ್ ಮಿಶನ್ ಪೂರ್ತಿ ಲೂಥರನ್ ಅಲ್ಲ. ಲೂಥರನ್ನರು, ರಿಫಾರ್ಮ್ಡ್ ಸಭೆಯವರು (ಇನ್ನೊಂದು ಪ್ರಾಟೆಸ್ಟಂಟ್ ಪಂಥ) ಇಬ್ಬರೂ ಸೇರಿ ಮಾಡಿದ್ದು. 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ‘ಮಂಗಳೂರು ಸಮಾಚಾರ’ ಶುರು ಮಾಡಿದ ಮೋಗ್ಲಿಂಗ್ ಇಲ್ಲೇ ನಮ್ಮ ಟೂಬಿಂಗೆನ್‌ನಲ್ಲಿ ಓದಿದವರು. ಕಿಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದೂ ಇದೇ ಯುನಿವರ್ಸಿಟಿ, ನಿಘಂಟು 1894ರಲ್ಲಿ ಅಚ್ಚಾದ ಮೇಲೆ.

ಲೂಥರ್ ಬಗ್ಗೆ ಒಂದು ಮಾತು. ಆತ ಬರೀ ಪಾದ್ರಿ ಅಲ್ಲ, ವಿಟ್ಟೆನ್‌ಬರ್ಗ್ ಯುನಿವರ್ಸಿಟಿಯ ಮೇಷ್ಟ್ರು. 1517ರಲ್ಲಿ ಕ್ಯಾಥೊಲಿಕ್ ಚರ್ಚ್ ಜೊತೆಗಿನ ಜಗಳ ಶುರುವಾಗಿದ್ದೇ ಒಬ್ಬ ಪ್ರೊಫೆಸರ್ ಚರ್ಚೆಗೆ ಕರೆದಿದ್ದರಿಂದ. 1524ರಲ್ಲಿ ಊರಿನ ಆಡಳಿತದವರಿಗೆ ಪತ್ರ ಬರೆದು, ಶಾಲೆ ಕಟ್ಟಿ, ಹೆಣ್ಣುಮಕ್ಕಳಿಗೂ ಕಲಿಸಿ ಅಂದ. ಲೂಥರನ್ನರು ಎಲ್ಲಿ ಹೋದರೂ ಚರ್ಚ್ ಪಕ್ಕ ಒಂದು ಕಾಲೇಜು ಕಟ್ಟುವ ಚಾಳಿ ಅಲ್ಲಿಂದ ಬಂದಿದ್ದು.

ಸತ್ಯವಾದಿ77
ಇತಿಹಾಸ ಪಾಠ ಬೇಡ. ಡಿಗ್ರಿಯಲ್ಲಿ ಥಿಯಾಲಜಿ ಕಡ್ಡಾಯವೋ ಇಲ್ಲವೋ, ಅಷ್ಟು ಹೇಳಿ.

ಲೆಫ್ಸೆ ಮತ್ತು ಅಕ್ಕಿರೊಟ್ಟಿ
ಅದಕ್ಕೆ ನಾನು ಹೇಳುತ್ತೇನೆ. ನಾನು ಓದಿದ್ದು ಮಿನ್ನೆಸೋಟದ ಸೇಂಟ್ ಓಲಾಫ್‌ನಲ್ಲಿ. ಅದೂ ಲೂಥರನ್, ನಾರ್ವೆಯಿಂದ ಬಂದವರು 1874ರಲ್ಲಿ ಕಟ್ಟಿದ್ದು. ಇಂಥ ಕಾಲೇಜುಗಳ ಬಿಎ, ಬಿಎಸ್‌ನಲ್ಲಿ ಸಾಮಾನ್ಯವಾಗಿ ಧರ್ಮದ ಬಗ್ಗೆ ಒಂದೋ ಎರಡೋ ಕೋರ್ಸ್ ಇರುತ್ತದೆ. ಅದು ಪಾಠ, ಪೂಜೆ ಅಲ್ಲ. ಬೈಬಲ್ಲಿನ ಒಂದೇ ಕಥೆ ಎರಡು ಕಡೆ ಎರಡು ಥರ ಏಕಿದೆ ಅಂತ ಪ್ರಬಂಧ ಬರೆದೆ, ಎ ಮೈನಸ್ ಬಂತು. ನನ್ನ ಪಕ್ಕ ಕೂತ ಪಾದ್ರಿ ಮಗನಿಗೆ ಬಿ. ಅವನು ನಂಬಿಕೆ ಬರೆದಿದ್ದ, ನಾನು ಓದಿದ್ದನ್ನು ಬರೆದಿದ್ದೆ.

ನಮ್ಮಲ್ಲಿ ಕ್ಯಾಂಪಸ್‌ನೊಳಗೆ ನಾನಿದ್ದಾಗ ಮದ್ಯ ನಿಷೇಧ ಇತ್ತು. ಅತ್ತೆಗೆ ಇದನ್ನು ಹೇಳಿದರೆ ಚರ್ಚನ್ನೇ ಮರೆಯಬಹುದು. (ವಾಲ್ಪೊದ ನಿಯಮ ಬೇರೆ ಇರಬಹುದು, ಅಲ್ಲಿಯವರನ್ನೇ ಕೇಳಿ.)

ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಸಂಗೀತೋತ್ಸವ, 1912ರಿಂದ ನಡೆಯುತ್ತಿದೆ. ಐದು ಕಾಯರ್ (ಗಾಯನ ತಂಡ), ಒಂದು ಆರ್ಕೆಸ್ಟ್ರಾ. ನನ್ನ ರೂಮ್‌ಮೇಟ್ ಗಣಿತದವಳು, ಆಲ್ಟೊ ಹಾಡುತ್ತಿದ್ದಳು. ಆ ವಾರ ಊಟದ ಹಾಲ್‌ನಲ್ಲಿ ಲೂಟಫಿಸ್ಕ್ ಅಂತ ಕ್ಷಾರದಲ್ಲಿ ನೆನೆಸಿದ ಒಣಮೀನು ಬಡಿಸುತ್ತಾರೆ. ಅದರ ವಾಸನೆಗೆ ನಾರ್ವೆ ಮೂಲದವರೇ ಮೂಗು ಮುಚ್ಚಿಕೊಳ್ಳುತ್ತಾರೆ. ಪಕ್ಕದಲ್ಲಿ ಲೆಫ್ಸೆ, ಆಲೂಗಡ್ಡೆ ಹಾಕಿ ತೆಳ್ಳಗೆ ಲಟ್ಟಿಸಿದ ರೊಟ್ಟಿ. ಬೆಣ್ಣೆ-ಸಕ್ಕರೆ ಹಚ್ಚಿ ಸುರುಳಿ ಸುತ್ತಿ ತಿನ್ನಬೇಕು. ಅದನ್ನೇ ತಿಂದು ಬದುಕಿದ್ದೇನೆ.

ಧಾರವಾಡ ಪೇಡೆ
ಲೆಫ್ಸೆಗೆ ಶೇಂಗಾ ಚಟ್ನಿ ಹಚ್ಚಿ ನೋಡ್ರಿ.

ಲೆಫ್ಸೆ ಮತ್ತು ಅಕ್ಕಿರೊಟ್ಟಿ
ಹಚ್ಚಿದ್ದೇನೆ. ನಾರ್ವೆಯವರು ಕ್ಷಮಿಸಿಲ್ಲ.

ನಾರ್ಮನ್ ನಾಗ
ನಾನು ಓಕ್ಲಹೋಮದ ನಾರ್ಮನ್‌ನಲ್ಲಿ ವಾತಾವರಣ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಅಕ್ಕ, ಸುಂಟರಗಾಳಿ ವಿಷಯ ನನಗೆ ಬಿಡಿ.

ಹೌದು, ವಾಲ್ಪೊದವರು ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಗ್ರೇಟ್ ಪ್ಲೇನ್ಸ್ ಬಯಲಿಗೆ ಕರೆದುಕೊಂಡು ಬರುತ್ತಾರೆ. ಅದು ಕೋರ್ಸಿನ ಭಾಗ, ಜೊತೆಗೆ ಮೇಷ್ಟ್ರು ಇರುತ್ತಾರೆ. ಟಿವಿಯಲ್ಲಿ ತೋರಿಸುವ ಹಾಗೆ ಗಾಳಿಯ ಬಾಯಿಗೆ ಗಾಡಿ ನುಗ್ಗಿಸುವುದಲ್ಲ. ನಾನು ಇಲ್ಲಿಂದ ಹೋದ ಅನುಭವ ಹೇಳುತ್ತೇನೆ. ಬೆಳಿಗ್ಗೆ ಎದ್ದು ನಕ್ಷೆ ನೋಡು. ಎಲ್ಲಿ ತೇವ ಇದೆ, ಎಲ್ಲಿ ಗಾಳಿ ಎತ್ತರಕ್ಕೆ ಹೋದಂತೆ ದಿಕ್ಕು ಬದಲಿಸುತ್ತಿದೆ ಅಂತ ಹುಡುಕು. ಇವತ್ತು ಈ ಊರಿನ ಹತ್ತಿರ ಮೋಡ ಏಳುತ್ತದೆ ಅಂತ ಪಣ ಕಟ್ಟು. ಆರು ಗಂಟೆ ಡ್ರೈವ್ ಮಾಡು. ಪೆಟ್ರೋಲ್ ಬಂಕ್‌ನಲ್ಲಿ ಚಿಪ್ಸ್ ತಿಂದು ಆಕಾಶ ನೋಡುತ್ತಾ ನಿಲ್ಲು. ಹೆಚ್ಚಿನ ದಿನ ಆಕಾಶ ನೀಲಿ, ಮೋಡ ಪಕ್ಕದ ರಾಜ್ಯದಲ್ಲಿ. ಸಿಕ್ಕರೂ ಹಲವು ಕಿಲೋಮೀಟರ್ ದೂರದಿಂದ ನೋಡುವುದು, ವಾಪಸ್ ಓಡುವ ರಸ್ತೆ ಮೊದಲೇ ಗುರುತು ಮಾಡಿಕೊಂಡು. ನಿಮ್ಮ ಮಗಳು ಔಷಧಿ ಹೊಡೆಯುವ ದಿನ ಹೇಳುತ್ತಾಳಲ್ಲ, ಅದೇ ಕೆಲಸ. ಇಲ್ಲಿ ತಪ್ಪಾದರೆ ಪೆಟ್ರೋಲ್ ಹೋಗುತ್ತದೆ, ಅಲ್ಲಿ ಫಸಲು ಹೋಗುತ್ತದೆ.

ವಾಲ್ಪೊದ ನಿಜವಾದ ಲಾಭ ಬೇರೆ. ಕ್ಯಾಂಪಸ್‌ನಲ್ಲೇ ಮೋಡದೊಳಗಿನ ಮಳೆ-ಗಾಳಿಯ ಚಲನೆ ಅಳೆಯುವ ಡಾಪ್ಲರ್ ರಾಡಾರ್ ಇದೆ, ಬರೀ ಬಿಎಸ್ ಮಕ್ಕಳೂ ಅದರಲ್ಲಿ ಕೆಲಸ ಮಾಡುತ್ತಾರೆ. ಬಲೂನ್ ಹಾರಿಸುತ್ತಾರೆ. ದೊಡ್ಡ ಯುನಿವರ್ಸಿಟಿಗಳಲ್ಲಿ ಇಂಥ ಯಂತ್ರದ ಹತ್ತಿರ ಹೋಗಲು ಕೆಲವು ವರ್ಷ ಕಾಯಬೇಕು.

ತೀರ್ಥಹಳ್ಳಿ ಅಮ್ಮ
ನಾಗ ಅವರೇ, ನಿಮ್ಮ ಬರಹ ಮಗಳಿಗೆ ಓದಿಸಿದೆ. ಓದಿಸಬಾರದಿತ್ತು. ಈಗ ಕುಣಿಯುತ್ತಿದ್ದಾಳೆ.

ಅಲ್ಲಿ ಮಳೆ ಹೇಗೆ ಅಂತ ಕೇಳುತ್ತಿದ್ದಾಳೆ.

ನಾರ್ಮನ್ ನಾಗ
ಮಳೆಗಿಂತ ಹಿಮ ಕೇಳಲಿ. ಆಗುಂಬೆ ಹತ್ತಿರದವಳಿಗೆ ಬೇಗ ಅರ್ಥವಾಗುತ್ತದೆ. ನಿಮ್ಮಲ್ಲಿ ಅರಬ್ಬಿ ಸಮುದ್ರದ ತೇವಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಸುರಿಯುತ್ತದೆ. ವಾಲ್ಪೊದಲ್ಲಿ ಘಟ್ಟ ಇಲ್ಲ, ಮಿಷಿಗನ್ ಸರೋವರ ಇದೆ, ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಉತ್ತರಕ್ಕೆ. ಚಳಿಗಾಲದ ಶುರುವಲ್ಲಿ ನೀರು ಇನ್ನೂ ಬೆಚ್ಚಗಿರುತ್ತದೆ. ಮೇಲೆ ಉತ್ತರದಿಂದ ಕೊರೆಯುವ ಗಾಳಿ ಬೀಸುತ್ತದೆ. ಗಾಳಿ ಕೆಳಗಿನಿಂದ ಬಿಸಿಯಾಗಿ, ನೀರು ಹೀರಿ, ಮೋಡವಾಗಿ ದಕ್ಷಿಣ ದಡದಲ್ಲಿ ಹಿಮ ಸುರಿಸುತ್ತದೆ. ಮೋಡ ಕಿರಿದಾದ ಪಟ್ಟಿ ಕಟ್ಟಿಕೊಂಡು ಬರುತ್ತದೆ. ಪಟ್ಟಿಯೊಳಗೆ ಮೊಣಕಾಲುದ್ದ ಹಿಮ, ಸ್ವಲ್ಪ ದೂರದಲ್ಲಿ ಬಿಸಿಲು.

ಹಿಮದಲ್ಲಿ ಹಾಸನ
ಇದು ನೂರಕ್ಕೆ ನೂರು ನಿಜ. ಒಂದು ಸಲ ಕ್ಯಾಂಪಸ್‌ನಲ್ಲಿ ಕಾರು ಹುಡುಕೋಕೆ ಪೊರಕೆ ತಗೊಂಡು ಹೋಗಿದ್ದೆ. ಅರ್ಧ ಗಂಟೆ ಗುಡಿಸಿ ಹೊರತೆಗೆದ ಕಾರು ಬೇರೆಯವರದ್ದು.

ಕುಡ್ಲದ ಪಿಂಟೊ
😂😂 ಅವರು ಥ್ಯಾಂಕ್ಸ್ ಹೇಳಿದರಾ?

ಹಿಮದಲ್ಲಿ ಹಾಸನ
ಹೇಳಿದರು. ಚಾಪೆಲ್‌ಗೆ ಬರುತ್ತೀರಾ ಅಂತಲೂ ಕೇಳಿದರು. ಸತ್ಯವಾದಿಗಳೇ, ಮತಾಂತರದ ಪ್ರಯತ್ನ ಅಂತ ಇದೊಂದನ್ನು ಲೆಕ್ಕಕ್ಕೆ ತಗೊಳ್ಳಿ.

ಮಾರತ್ತಹಳ್ಳಿ ಮೇಷ್ಟ್ರು
ಎಲ್ಲರೂ ಚರ್ಚ್, ಹಿಮ, ರೊಟ್ಟಿ ಅಂತ ಮಾತಾಡುತ್ತಿದ್ದೀರಿ. ಕೇಳಬೇಕಾದ ಪ್ರಶ್ನೆ ಬೇರೆ. ನಾಲ್ಕು ವರ್ಷ ಆ ಕಾಲೇಜು, ಆ ವಿಭಾಗ ಇರುತ್ತದಾ?

ಅಮೆರಿಕದಲ್ಲಿ ಸಣ್ಣ ಖಾಸಗಿ ಕಾಲೇಜುಗಳಿಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಲೂಥರನ್ ಕಾಲೇಜುಗಳನ್ನೇ ನೋಡಿ. ಸೆಲ್ಮಾದ ಕಾಂಕಾರ್ಡಿಯಾ 2018ರಲ್ಲಿ ಮುಚ್ಚಿತು, ಪೋರ್ಟ್‌ಲೆಂಡಿನದು 2020ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ವಿಲ್ ಕಾಂಕಾರ್ಡಿಯಾ 2021ರಲ್ಲಿ, ಮಿಷಿಗನ್‌ನ ಫಿನ್‌ಲ್ಯಾಂಡಿಯಾ 2023ರಲ್ಲಿ. ವಾಲ್ಪೊ ತನ್ನ ಲಾ ಸ್ಕೂಲನ್ನೇ 2020ರಲ್ಲಿ ಮುಚ್ಚಿತು. 1879ರಿಂದ ಇದ್ದದ್ದು! 2023ರಲ್ಲಿ ಹಾಸ್ಟೆಲ್ ರಿಪೇರಿಗೆ ದುಡ್ಡು ಬೇಕು ಅಂತ ಮ್ಯೂಸಿಯಂನಲ್ಲಿದ್ದ, ಹೆಸರಾಂತ ಕಲಾವಿದೆ ಜಾರ್ಜಿಯಾ ಓ’ಕೀಫ್ ಚಿತ್ರ ಮಾರಲು ಹೊರಟು ದೊಡ್ಡ ರಂಪವಾಯಿತು. ಕೋರ್ಟಿಗೂ ಹೋಯಿತು.

ಲೆಫ್ಸೆ ಮತ್ತು ಅಕ್ಕಿರೊಟ್ಟಿ
ಚಿತ್ರ ಮಾರಲು ಹೊರಟಿದ್ದು ಸರಿಯಾ ಅನ್ನುವುದು ನನಗೂ ಕಷ್ಟದ ಪ್ರಶ್ನೆ. ಮಕ್ಕಳು ಚಿತ್ರದ ಮುಂದೆ ಮಲಗುವುದಿಲ್ಲವಲ್ಲ, ಹಾಸ್ಟೆಲ್ಲಲ್ಲಿ ಮಲಗುತ್ತಾರೆ.

ಟೂಬಿಂಗೆನ್ ಟೀ
ಅಜ್ಜಿಯ ಅಡ್ಡಿಕೆ ಸರ ಮಾರಿ ಮನೆಗೆ ಸುಣ್ಣ ಬಳಿದ ಹಾಗೆ. ಸುಣ್ಣ ಮತ್ತೆ ಹೋಗುತ್ತದೆ, ಅಡ್ಡಿಕೆ ವಾಪಸ್ ಬರುವುದಿಲ್ಲ. ನಾನು ಒಪ್ಪುವುದಿಲ್ಲ.

ಹಿಮದಲ್ಲಿ ಹಾಸನ
ಮೇಷ್ಟ್ರೇ, ಹೇಳಿದ್ದೆಲ್ಲ ನಿಜ. ಆದರೆ ವಾಲ್ಪೊ ಇಂಥ ಬಿಕ್ಕಟ್ಟುಗಳನ್ನು ಮೊದಲೂ ಕಂಡಿದೆ. 1859ರಲ್ಲಿ ಮೆಥಡಿಸ್ಟರು ಶುರು ಮಾಡಿದರು, 1871ರಲ್ಲಿ ಬಾಗಿಲು ಹಾಕಿತು. 1873ರಲ್ಲಿ ಒಬ್ಬ ಮೇಷ್ಟ್ರು ಮತ್ತೆ ತೆರೆದು ಬಡವರ ಹಾರ್ವರ್ಡ್ ಅಂತ ಹೆಸರು ಮಾಡಿಸಿದ. 1923ರಲ್ಲಿ ಸಾಲ ತೀರಿಸಲಾಗದೆ ಕೂತಾಗ ಕೊಳ್ಳಲು ಬಂದವರು ಯಾರು ಗೊತ್ತಾ? ಕು ಕ್ಲಕ್ಸ್ ಕ್ಲಾನ್, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘಟನೆ! ಆ ವ್ಯವಹಾರ ಮುರಿದುಬಿತ್ತು. 1925ರಲ್ಲಿ ಲೂಥರನ್ನರ ಒಂದು ಸಂಘ ಕೊಂಡುಕೊಂಡಿತು. ಅತ್ತೆಗೆ ಹೇಳಿ, ಲೂಥರನ್ನರು ಬರದಿದ್ದರೆ ಯಾರು ಬರುತ್ತಿದ್ದರು ಅಂತ.

ಊರು ಬಿಟ್ಟವ
ನನ್ನ ಕಥೆ ಕೇಳಿ. ಕಾಲೇಜಿನ ಹೆಸರು ಹೇಳುವುದಿಲ್ಲ. ಮೂರನೇ ವರ್ಷದ ಫೆಬ್ರವರಿಯಲ್ಲಿ ಒಂದು ಇಮೇಲ್ ಬಂತು, ಈ ಸೆಮಿಸ್ಟರ್ ಮುಗಿದ ಮೇಲೆ ಕಾಲೇಜು ಇರುವುದಿಲ್ಲ ಅಂತ. ನಾವು ಕ್ಯಾಂಟೀನಲ್ಲಿ ಕೂತಿದ್ದೆವು. ಬಡಿಸುತ್ತಿದ್ದ ಅಜ್ಜಿಗೂ ಅದೇ ಇಮೇಲ್, ಅದೇ ಹೊತ್ತಿಗೆ. ಬೇರೆ ಕಾಲೇಜು ನಮ್ಮನ್ನು ತಗೊಂಡಿತು, ಆದರೆ ನನ್ನ ಹನ್ನೊಂದು ಕ್ರೆಡಿಟ್ ಒಪ್ಪಲಿಲ್ಲ. ಒಂದು ಸೆಮಿಸ್ಟರ್ ಜಾಸ್ತಿ, ಅಪ್ಪನ ಒಂದು ಸೈಟು ಕಡಿಮೆ.

ಅದಕ್ಕೇ ಅಕ್ಕ, ಇಮೇಲ್ ಬರೆದು ಇವಿಷ್ಟು ಕೇಳಿ: ಮೀಟಿಯರಾಲಜಿಯಲ್ಲಿ ಈಗ ಎಷ್ಟು ಜನ ಮಕ್ಕಳು, ಎಷ್ಟು ಜನ ಕಾಯಂ ಮೇಷ್ಟ್ರು, ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಬರುತ್ತದಾ, ಅದಕ್ಕೆ ಎಷ್ಟು ಜಿಪಿಎ (ಅಂಕಗಳ ಸರಾಸರಿ) ಇರಬೇಕು. ಉತ್ತರ ಬರಹದಲ್ಲೇ ಇರಲಿ.

ತೀರ್ಥಹಳ್ಳಿ ಅಮ್ಮ
ಬರೆದುಕೊಂಡೆ. ನಿಮ್ಮ ಕಥೆ ಓದಿ ಬೇಜಾರಾಯಿತು. ಈಗ ಚೆನ್ನಾಗಿದ್ದೀರಾ?

ಊರು ಬಿಟ್ಟವ
ಚೆನ್ನಾಗಿದ್ದೇನೆ ಅಕ್ಕ. ಆ ಅಜ್ಜಿಗೆ ಈಗಲೂ ಹೊಸ ವರ್ಷಕ್ಕೆ ಫೋನ್ ಮಾಡುತ್ತೇನೆ.

ಬಸವನಗುಡಿ ಬಾಬು
ವಾಲ್ಪೊ ಅಂದರೆ ನನಗೆ ನೆನಪಾಗುವುದು 1998ರ ಬಾಸ್ಕೆಟ್‌ಬಾಲ್. ಮಿಸಿಸಿಪಿ ವಿರುದ್ಧ 2.5 ಸೆಕೆಂಡ್ ಉಳಿದಿತ್ತು. ಅಂಗಳದ ಆ ತುದಿಯಿಂದ ಚೆಂಡು ಎಸೆದರು, ಒಬ್ಬ ಹಾರಿ ತಳ್ಳಿದ, ಬ್ರೈಸ್ ಡ್ರೂ ಮೂರು ಪಾಯಿಂಟ್ ಹೊಡೆದ. 70–69. ಕೋಚ್ ಅವನ ಅಪ್ಪನೇ. ಶಾರ್ಜಾದ ಮಿಯಾಂದಾದ್ ಸಿಕ್ಸರ್ ಇದ್ದ ಹಾಗೆ, ಆದರೆ ಇದನ್ನು ನೋಡಿದರೆ ನಮಗೆ ಹೊಟ್ಟೆ ಉರಿಯುವುದಿಲ್ಲ.

ಹಿಮದಲ್ಲಿ ಹಾಸನ
ಆಗ ತಂಡದ ಹೆಸರು ಕ್ರುಸೇಡರ್ಸ್. 2021ರಲ್ಲಿ ಧರ್ಮಯುದ್ಧದ ಹೆಸರು ನಮಗೆ ಬೇಡ ಅಂತ ತೆಗೆದು ಬೀಕನ್ಸ್ ಮಾಡಿದರು, ದಾರಿದೀಪ. ಹಳೆಯ ವಿದ್ಯಾರ್ಥಿಗಳು ಸಿಟ್ಟಾದರು. ನನಗೆ ಹೊಸ ಹೆಸರೇ ಇಷ್ಟ.

ದಾವಣಗೆರೆ ಬೆಣ್ಣೆ
ಆ ಕಾಲೇಜುಗಳ ಬ್ರೋಶರ್‌ನಲ್ಲೆಲ್ಲ ವೊಕೇಶನ್ ವೊಕೇಶನ್ ಅಂತ ಇರುತ್ತದೆ. ಪಾದ್ರಿ ಕೆಲಸ ಮಾತ್ರ ದೇವರ ಕೆಲಸವಲ್ಲ, ಚಮ್ಮಾರನದ್ದೂ ದೇವರು ಕೊಟ್ಟ ಕೆಲಸವೇ ಅಂತ ಲೂಥರ್ ವಾದ. ಇದನ್ನೇ ನಮ್ಮ ಬಸವಣ್ಣ ಕಾಯಕವೇ ಕೈಲಾಸ ಅಂದಿದ್ದು, ನಾನೂರು ವರ್ಷ ಮೊದಲೇ!

ಟೂಬಿಂಗೆನ್ ಟೀ
ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ, ಬಸವಣ್ಣನದಲ್ಲಿ ಅಲ್ಲ. ಮತ್ತೆ ಎರಡೂ ಒಂದೇ ಅಲ್ಲ. ಕಾಯಕದ ಜೊತೆ ದಾಸೋಹ ಇದೆ, ದುಡಿದದ್ದನ್ನು ಹಂಚಬೇಕು. ಲೂಥರ್ ನೀನಿರುವ ಜಾಗದಲ್ಲೇ ನಿನ್ನ ಕೆಲಸ ಮಾಡು ಅಂದ. ರೈತರು ದಂಗೆ ಎದ್ದಾಗ ದೊರೆಗಳ ಪರ ನಿಂತ.

ದಾವಣಗೆರೆ ಬೆಣ್ಣೆ
ಸರಿ, ಮಾರಯ್ಯ. ಆದರೆ ಹತ್ತಿರವಂತೂ ಇದೆ. ನೀವು ಎಲ್ಲದಕ್ಕೂ ಅಡ್ಡ ಬರುತ್ತೀರಿ ಸ್ವಾಮಿ.

ಮಾರತ್ತಹಳ್ಳಿ ಮೇಷ್ಟ್ರು
ವಿಷಯಕ್ಕೆ ಬನ್ನಿ. ಕೆಲಸ ಸಿಗುತ್ತದಾ?

ನಾರ್ಮನ್ ನಾಗ
ಇದನ್ನು ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ಅಮೆರಿಕದ ಸರ್ಕಾರಿ ಹವಾಮಾನ ಇಲಾಖೆಯ ಕೆಲಸ ಅಲ್ಲಿಯ ಪೌರರಿಗೆ. ನಮ್ಮವರಿಗೆ ಉಳಿಯುವುದು ಖಾಸಗಿ ಕಂಪನಿ: ವಿಮೆ, ವಿದ್ಯುತ್, ವಿಮಾನಯಾನ. ಇಲ್ಲವೇ ಮುಂದಿನ ಓದು. ಡಿಗ್ರಿ ಆದಮೇಲೆ ಒಪಿಟಿ, ಅಂದರೆ ಅದೇ ವೀಸಾದಲ್ಲಿ ಅಲ್ಲೇ ಕೆಲಸ ಮಾಡುವ ಅನುಮತಿ, ಒಂದು ವರ್ಷ. ಮೀಟಿಯರಾಲಜಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಇರುವುದರಿಂದ ಇನ್ನೂ 24 ತಿಂಗಳು ಕೇಳಬಹುದು. ಓದುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಬಹುದು. ಅದರಿಂದ ಕೈಖರ್ಚು ನಡೆಯುತ್ತದೆ, ಫೀಸು ನಡೆಯುವುದಿಲ್ಲ.

ಗಣಿತ ಚೆನ್ನಾಗಿರಬೇಕು. ಮೋಡ ಇಷ್ಟ ಅಂತ ಬಂದು ಡಿಫರೆನ್ಶಿಯಲ್ ಈಕ್ವೇಶನ್ ನೋಡಿ ಓಡಿಹೋದವರು ಬಹಳ ಜನ. ಅಲ್ಲದೆ ಕೊಚ್ಚಿಯ ಕುಸಾಟ್, ವಿಶಾಖಪಟ್ಟಣದ ಆಂಧ್ರ ಯುನಿವರ್ಸಿಟಿಯಲ್ಲಿ ಈ ವಿಷಯದಲ್ಲೇ ಎಂಎಸ್ಸಿ ಇದೆ. ಇಲ್ಲೇ ಫಿಸಿಕ್ಸ್ ಬಿಎಸ್ಸಿ ಮಾಡಿ ಅಲ್ಲಿಗೆ ಹೋಗುವ ದಾರಿಯೂ ಇದೆ. ಖರ್ಚಿಗೆ ಹೋಲಿಕೆಯೇ ಇಲ್ಲ.

ಸತ್ಯವಾದಿ77
ನಾನು ಹೇಳಿದ್ದೂ ಇದೇ, ಇಲ್ಲೇ ಓದಲಿ ಅಂತ.

ಕುಡ್ಲದ ಪಿಂಟೊ
ನೀವು ಹೇಳಿದ್ದು ಶಿಲುಬೆ ಕಥೆ ಮಾರಾಯ್ರೆ.

ಹಿಮದಲ್ಲಿ ಹಾಸನ
ಇನ್ನೊಂದು ಮರೆತಿದ್ದೆ. ಅಲ್ಲಿ ಆನರ್ ಕೋಡ್ ಇದೆ, 1943ರಿಂದ. ಪ್ರಶ್ನೆಪತ್ರಿಕೆ ಕೊಟ್ಟು ಮೇಷ್ಟ್ರು ಹೊರಗೆ ಹೋಗುತ್ತಾರೆ. ಕಾಯುವವರು ಯಾರೂ ಇಲ್ಲ. ನಾನು ಸಹಾಯ ಪಡೆದಿಲ್ಲ, ಕೊಟ್ಟಿಲ್ಲ, ಬೇರೆಯವರು ಮಾಡಿದ್ದನ್ನು ಸಹಿಸಿಲ್ಲ ಅಂತ ಉತ್ತರಪತ್ರಿಕೆ ಮೇಲೆ ಬರೆದು ಸಹಿ ಹಾಕಬೇಕು. ಮೊದಲ ಪರೀಕ್ಷೆಯಲ್ಲಿ ನನಗೆ ಬರೆಯೋಕೇ ಆಗಲಿಲ್ಲ. ಹತ್ತು ನಿಮಿಷ ಬಾಗಿಲ ಕಡೆಯೇ ನೋಡುತ್ತಿದ್ದೆ, ಯಾರಾದರೂ ಬರುತ್ತಾರೆ ಅಂತ.

ಧಾರವಾಡ ಪೇಡೆ
ನಮ್ಮಲ್ಲಿ ಸ್ಕ್ವಾಡ್, ವೆಬ್‌ಕಾಸ್ಟಿಂಗ್ ಎಲ್ಲಾ ಇಟ್ಟರೂ ಚೀಟಿ ಬರುತ್ತವೆ. ಅಲ್ಲಿ ಯಾರೂ ಕಾಪಿ ಮಾಡೋದಿಲ್ಲ ಅಂದರೆ ನಾ ನಂಬೋದಿಲ್ಲ ರೀ.

ಹಿಮದಲ್ಲಿ ಹಾಸನ
ಮಾಡುವವರು ಅಲ್ಲೂ ಇರಬಹುದು. ಮೂರನೇ ಮಾತೇ ಕಷ್ಟ. ಪಕ್ಕದವನು ಮಾಡಿದ್ದನ್ನು ನೋಡಿ ಸುಮ್ನೆ ಕೂತರೆ ನಿನ್ನದೂ ತಪ್ಪು. ಈ ನಿಯಮ ನಮ್ಮ ಹುಡುಗರಿಗೆ ಹಿಮಕ್ಕಿಂತ ಜಾಸ್ತಿ ನಡುಕ ಹುಟ್ಟಿಸುತ್ತಿತ್ತು.

ತೀರ್ಥಹಳ್ಳಿ ಅಮ್ಮ
ಅತ್ತೆಗೆ ಇದನ್ನು ಓದಿ ಹೇಳಿದೆ. ಹಾಗಾದರೆ ಒಳ್ಳೆಯ ಜನವೇ ಇರಬೇಕು ಅಂದರು. ಆಮೇಲೆ, ದೇವಸ್ಥಾನ ಇದೆಯಾ ಕೇಳು ಅಂದರು.

ಹಿಮದಲ್ಲಿ ಹಾಸನ
ಪಕ್ಕದ ಮೆರಿಲ್‌ವಿಲ್‌ನಲ್ಲಿ ಇದೆ. ದೊಡ್ಡದು ಬೇಕಾದರೆ ಷಿಕಾಗೋ ಕಡೆ ಲೆಮಾಂಟ್‌ನಲ್ಲಿ ರಾಮ, ಅರೋರದಲ್ಲಿ ಬಾಲಾಜಿ. ವಿದ್ಯಾರಣ್ಯ ಕನ್ನಡ ಕೂಟವೂ ಷಿಕಾಗೋದಲ್ಲಿದೆ. ಕಾರಿಲ್ಲದಿದ್ದರೆ ವಿ-ಲೈನ್ ಬಸ್ಸಲ್ಲಿ ಡ್ಯೂನ್ ಪಾರ್ಕ್ ಸ್ಟೇಷನ್, ಅಲ್ಲಿಂದ ಸೌತ್ ಶೋರ್ ರೈಲು ಷಿಕಾಗೋಗೆ. ಎಚ್ಚರ: ವಾಲ್ಪೊ ಗಡಿಯಾರ ಷಿಕಾಗೋ ಗಡಿಯಾರ, ಇಂಡಿಯಾನಾದ ಬಹುಪಾಲು ಊರು ಒಂದು ಗಂಟೆ ಮುಂದೆ. ನಾನು ಸೌತ್ ಬೆಂಡ್‌ನ ಒಂದು ಇಂಟರ್‌ವ್ಯೂಗೆ ಒಂದು ಗಂಟೆ ತಡವಾಗಿ ಹೋಗಿದ್ದೆ. ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಾ?

ತೀರ್ಥಹಳ್ಳಿ ಅಮ್ಮ
ಆರು ದಿನ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಊರು ಬಿಟ್ಟವರು ಹೇಳಿದ ಪ್ರಶ್ನೆಗಳನ್ನು ಮಗಳೇ ಬರೆದು ಕಳಿಸಿದಳು. ವಿಭಾಗದ ಒಬ್ಬ ಪ್ರೊಫೆಸರ್ ಎಲ್ಲದಕ್ಕೂ ಉತ್ತರ ಕೊಟ್ಟಿದ್ದಾರೆ. ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಇದೆ, ಜಿಪಿಎ ಇಟ್ಟುಕೊಂಡರೆ. ಕೊನೆಯಲ್ಲಿ, ಆ ಏಳು ನೋಟ್‌ಬುಕ್ಕಿನ ಫೋಟೊ ಕಳಿಸುತ್ತೀಯಾ ಅಂತ ಕೇಳಿದ್ದಾರೆ. ರಾತ್ರಿ ಇವರಪ್ಪ ಟೇಬಲ್ ಮೇಲೆ ಒಂದೊಂದೇ ಪುಟ ತೆರೆದು ಹಿಡಿದರು, ಇವಳು ಫೋಟೊ ತೆಗೆದಳು. 2019ರ ಆಗಸ್ಟ್ ಪುಟ ನೆನೆದು ಶಾಯಿ ಹರಡಿದೆ. ಆ ವಾರ ಎಷ್ಟು ಸುರಿಯಿತು ಅಂತ ಓದೋಕೇ ಆಗುವುದಿಲ್ಲ. ಅದನ್ನೂ ಕಳಿಸಿದ್ದಾಳೆ.

ಡೆಪಾಸಿಟ್ ನಿನ್ನೆ ಕಟ್ಟಿದೆವು. ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದುಕೊಂಡು ಹೋಗಲು ಬಿಡುತ್ತಾರಾ?

ಲೆಫ್ಸೆ ಮತ್ತು ಅಕ್ಕಿರೊಟ್ಟಿ
ಚೆಕ್-ಇನ್ ಬ್ಯಾಗಲ್ಲಿ ಹಾಕಿ. ಕೈಚೀಲದಲ್ಲಿ ಬೇಡ. ಮೂರು ಕವರ್, ಮೇಲೆ ಹಳೇ ಟವಲ್. ನನ್ನದು ಒಡೆದು ಇಡೀ ಹಾಸ್ಟೆಲ್ ಕಾರಿಡಾರ್ ಘಮ್ ಅಂತಿತ್ತು. ಲೂಟಫಿಸ್ಕ್‌ಗಿಂತ ಮೇಲು ಅಂದರು.

ನಾರ್ಮನ್ ನಾಗ
ಅಭಿನಂದನೆ ಅಕ್ಕ! ಮೊದಲ ಔಷಧಿ ಹೊಡೆದಾಯ್ತಾ?

ತೀರ್ಥಹಳ್ಳಿ ಅಮ್ಮ
ಇಲ್ಲ. ಮೈಲುತುತ್ತ, ಸುಣ್ಣ ತಂದಿಟ್ಟಿದ್ದೇವೆ. ಇವತ್ತು ಹೊಡೆಯೋಣ ಅಂತ ಇವರಪ್ಪ ಅಂದರು, ಗುರುವಾರದವರೆಗೆ ಬೇಡ ಅಂದಳು. ಈಗ ಹೊರಗೆ ಸುರಿಯುತ್ತಿದೆ.